ಮೋತಿ ಮೋಟಿಯಾದ ಕತೆ

ನಮ್ಮ ಮನೆಯಲ್ಲಿ ನಾಯಿ ಸಾಕುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆದರೆ ಪಕ್ಕದ ಮನೆಯ ನಾಯಿಯೊಂದನ್ನು ತಿನ್ನಿಸಿ ತಿನ್ನಿಸಿ ಸಾವಿನ ಹೊಸ್ತಿಲಿಗೆ ತಂದು ನಿಲ್ಲಿಸಿದ್ದರಲ್ಲಿ ನಮ್ಮ ಮನೆಯ ಪಾಲೇ ದೊಡ್ಡದು. ಈ ಮಾತನ್ನು ಒಪ್ಪಿಕೊಳ್ಳಲು ನಮಗೆ ಬಹಳ ದಿನ ಹಿಡಿಯಿತು. ಕತೆ ಬರೆಯುವವರು ನಾವು. ಊರವರ ತಪ್ಪುಗಳನ್ನು ಕತೆಯಲ್ಲಿ ತೋರಿಸುವುದು ನಮಗೆ ಸಲೀಸು. ನಮ್ಮದೇ ಅಡುಗೆಮನೆಯ ಹಿಂಬಾಗಿಲಿನಿಂದ ದಿನಾ ಹೊರಗೆ ಹೋಗುತ್ತಿದ್ದ ತಟ್ಟೆ ಮಾತ್ರ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಭದ್ರಾವತಿಯ ಹಳೆಯ ಬೀದಿಯೊಂದರಲ್ಲಿ ನಮ್ಮ ಮನೆ. ಪಕ್ಕದ ಕಾಂಪೌಂಡಿನಲ್ಲಿ ನಮ್ಮ ಮೇಷ್ಟ್ರು. ಉರ್ದು ಶಾಲೆಯಲ್ಲಿ ಓದಿ ಹೈಸ್ಕೂಲಿಗೆ ಬಂದ ನಮಗೆ ಅಲ್ಪಪ್ರಾಣ ಮಹಾಪ್ರಾಣದ ವ್ಯತ್ಯಾಸವನ್ನು ಬೆತ್ತವಿಲ್ಲದೆ ಕಲಿಸಿದವರು ಅವರು. ಇವತ್ತು ನಾವು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತಿದ್ದರೆ ಅದರ ಋಣ ಅವರಿಗೆ ಸೇರಬೇಕು. ಹೆಂಡತಿ ತೀರಿಕೊಂಡ ಮೇಲೆ ಅವರು ಒಬ್ಬರೇ ಆದರು. ಮಗ ಅಮೆರಿಕದಲ್ಲಿ. ಅಪ್ಪನನ್ನು ಕರೆದೊಯ್ಯಲಾಗಲಿಲ್ಲ, ತಾನು ಬಂದು ಇರಲಾಗಲಿಲ್ಲ. 2017ರಲ್ಲಿ ರಜೆಗೆ ಬಂದವನು ಬೆಣ್ಣೆ ಬಣ್ಣದ ಲ್ಯಾಬ್ರಡಾರ್ ಮರಿಯೊಂದನ್ನು ತಂದುಕೊಟ್ಟು ಹೋದ. ಹೆಣ್ಣು ಮರಿ. ಮೇಷ್ಟ್ರು ಮೋತಿ ಎಂದು ಹೆಸರಿಟ್ಟರು. ಹೆಸರಿಡುವ ಮುನ್ನ ಬೇಲಿಯಾಚೆಯಿಂದ ನಮ್ಮನ್ನು ಕೂಗಿ, "ಉರ್ದುವಿನಲ್ಲಿ ಮೋತಿ ಅಂದರೆ ಮುತ್ತು ತಾನೇ?" ಎಂದು ಖಚಿತಪಡಿಸಿಕೊಂಡಿದ್ದರು.

ಐದು ವರ್ಷ ಕಳೆಯುವಷ್ಟರಲ್ಲಿ ಮೊಹಲ್ಲಾದ ಮಕ್ಕಳು ಆ ಹೆಸರಿನ ತ ಅಕ್ಷರವನ್ನು ಟ ಮಾಡಿಬಿಟ್ಟವು. "ಮೋತಿ ಮೋಟಿ ಹೋಗಯಿ ರೇ!" ಮೋಟಿ ಎಂದರೆ ದಢೂತಿ ಹೆಣ್ಣು. ನಾವೂ ನಕ್ಕೆವು. ಮೇಷ್ಟ್ರೂ ನಕ್ಕರು. ದಪ್ಪ ನಾಯಿಯನ್ನು ನೋಡಿದರೆ ಯಾರಿಗೂ ಮರುಕ ಹುಟ್ಟುವುದಿಲ್ಲ, ನಗು ಬರುತ್ತದೆ. ಇಲ್ಲವೇ ಒಳ್ಳೆಯ ಮನೆಯ ನಾಯಿ ಎಂಬ ಮೆಚ್ಚುಗೆ ಬರುತ್ತದೆ. ಪಕ್ಕೆಲುಬು ಕಾಣುವ ನಾಯಿ ಬಡವರದ್ದು, ಮೈತುಂಬಿಕೊಂಡ ನಾಯಿ ಉಳ್ಳವರದ್ದು ಎಂಬುದು ನಮ್ಮ ಬೀದಿಯ ಲೆಕ್ಕ.

ನಮ್ಮ ಅಮ್ಮಿ ಮೋತಿಯನ್ನು ಮುಟ್ಟಿದವರಲ್ಲ. ನಾಯಿಯ ಜೊಲ್ಲು ತಾಗಿದರೆ ತೊಳೆದುಕೊಳ್ಳಬೇಕು, ಬಟ್ಟೆಗೆ ತಾಗಿದರೆ ನಮಾಜಿಗೆ ಆಗದು ಎಂಬುದನ್ನು ಅವರು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದವರು. ಹೊಲ ಕಾಯಲು, ಮಂದೆ ಕಾಯಲು, ಬೇಟೆಗೆ ನಾಯಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ಆದರೆ ಅದು ಮನೆಯೊಳಗೆ ಬರಬಾರದು ಎಂಬುದು ಅವರ ನಿಲುವು. ಮೋತಿಗೂ ಇದು ಗೊತ್ತಿತ್ತು. ಅವಳು ನಮ್ಮ ಹಿತ್ತಲಿನ ಕರಿಬೇವಿನ ಗಿಡದವರೆಗೆ ಬಂದು, ಅಲ್ಲಿ ಕುಳಿತು, ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದಳು. ಆ ನೋಟ ಎಂಥದ್ದೆಂದರೆ, ಏಳು ದಿನದಿಂದ ಅನ್ನ ಕಾಣದವರೂ ಹಾಗೆ ನೋಡಲಾರರು. ಅಮ್ಮಿ ಹೊಸ್ತಿಲ ಒಳಗೇ ನಿಂತು, "ಭೂಕೀ ಹೈ ಬೇಚಾರಿ" ಎನ್ನುತ್ತ ಚಪಾತಿಗೆ ಸಾಲನ್ ಅದ್ದಿ ಅವಳಿಗೆಂದೇ ಇಟ್ಟಿದ್ದ ಹಳೆಯ ಅಲ್ಯೂಮಿನಿಯಂ ತಟ್ಟೆಗೆ ಹಾಕುತ್ತಿದ್ದರು. ಮುಟ್ಟದೆಯೇ ಪ್ರೀತಿಸುವುದಕ್ಕೆ ಅವರಿಗೆ ಇದ್ದದ್ದು ಅದೊಂದೇ ದಾರಿ.

2022ರಲ್ಲಿ ಮೇಷ್ಟ್ರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ವಾಕರ್ ಹಿಡಿದು ವರಾಂಡದವರೆಗೆ ಬರುವುದೇ ದೊಡ್ಡ ಮಾತಾಯಿತು. ಅಲ್ಲಿಯವರೆಗೆ ದಿನಕ್ಕೆರಡು ಬಾರಿ ಭದ್ರಾ ಕಾಲುವೆಯ ಏರಿಯ ಮೇಲೆ ಓಡಾಡುತ್ತಿದ್ದ ಮೋತಿ, ಅಂದಿನಿಂದ ಅವರ ಕುರ್ಚಿಯ ಕೆಳಗೆ ಮಲಗಿಬಿಟ್ಟಳು. ನಡಿಗೆ ನಿಂತಿತು, ತಿನ್ನುವುದು ಹೆಚ್ಚಿತು. ಯಜಮಾನ ಹಾಸಿಗೆ ಹಿಡಿದಿದ್ದಾನೆ, ನಾಯಿಗೆ ಯಾರು ಹಾಕುತ್ತಾರೋ ಎಂದು ಬೀದಿಯ ಪ್ರತಿ ಮನೆಯೂ ಮರುಗಿತು. ಮರುಗಿದ ಪ್ರತಿ ಮನೆಯೂ ಹಾಕಿತು.

2023ರ ಏಪ್ರಿಲ್. ಈದುಲ್ ಫಿತ್ರ್ ಕಳೆದ ಮೂರನೆಯ ದಿನ. ಬೆಳಗಿನ ಹನ್ನೊಂದು ಗಂಟೆಯ ಬಿಸಿಲು. ಹಾಲಿನವನ ಹಿಂದೆ ಗೇಟು ದಾಟಿ ಹತ್ತು ಹೆಜ್ಜೆ ಹೋದ ಮೋತಿ ಬೀದಿಯ ಮಧ್ಯೆ ಕುಸಿದಳು. ನಾಲಗೆ ಪೂರ್ತಿ ಹೊರಗೆ, ಕಡುಗೆಂಪಾಗಿತ್ತು. ಏದುಸಿರು ಎದೆಯಲ್ಲಿ ಹಿಡಿಯುತ್ತಿರಲಿಲ್ಲ. ವರಾಂಡದಿಂದ ಮೇಷ್ಟ್ರು ಏಳಲಾಗದೆ ಕೂಗುತ್ತಿದ್ದರು. ಎಲ್ಲರೂ ನಿಂತು ನೋಡುತ್ತಿದ್ದಾಗ ಮೊದಲು ಬಂದವರು ನಮ್ಮ ಅಮ್ಮಿ, ಎರಡೂ ಕೈಯಲ್ಲಿ ಬಕೆಟ್ಟಿನ ನೀರು ಹಿಡಿದುಕೊಂಡು. ಅವಳ ಹೊಟ್ಟೆ, ತೊಡೆ, ಕಾಲುಗಳ ಮೇಲೆ ಸುರಿದರು. ಟೀ ಅಂಗಡಿಯ ಹುಡುಗ ರಟ್ಟು ಹಿಡಿದು ಗಾಳಿ ಹಾಕಿದ. ನಾಲ್ಕು ಜನ ಸೇರಿ ಜಮಖಾನೆಯ ಮೇಲೆ ಅವಳನ್ನು ಹೊತ್ತು ಗೂಡ್ಸ್ ಆಟೊಗೆ ಹಾಕಿಕೊಂಡು ಶಿವಮೊಗ್ಗದ ಕಡೆ ಹೊರಟೆವು. ದಾರಿಯುದ್ದಕ್ಕೂ ಮಗಳು ಒದ್ದೆ ಟವೆಲ್ಲಿನಿಂದ ಒರೆಸುತ್ತಿದ್ದಳು.

ಜೀವ ಉಳಿಯಿತು. ಡ್ರಿಪ್ ಹಾಕಿ, ಉಸಿರು ತಹಬಂದಿಗೆ ಬಂದ ಮೇಲೆ ಡಾಕ್ಟರು ಅವಳನ್ನು ತೂಗಿಸಿದರು. 42 ಕೆಜಿ 600 ಗ್ರಾಂ. ಅವಳ ಎಲುಬಿನ ಗಾತ್ರಕ್ಕೆ ಇರಬೇಕಾದದ್ದು ಸುಮಾರು 30.

"ಬಿಸಿಲಿನಿಂದ ಹೀಗಾಯಿತು ಡಾಕ್ಟ್ರೇ" ಎಂದೆವು.

"ಬಿಸಿಲು ಎಲ್ಲ ನಾಯಿಗೂ ಇತ್ತಲ್ಲ" ಎಂದರು ಅವರು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈಯ ಕಾವು ಇಳಿಸಿಕೊಳ್ಳಬೇಕು. ಚರ್ಮದ ಕೆಳಗೆ ಕೊಬ್ಬಿನ ಕಂಬಳಿ ಹೊದ್ದ ನಾಯಿಗೆ ಆ ಕೆಲಸ ಎರಡು ಪಟ್ಟು ಕಷ್ಟ. ಬೊಜ್ಜು ಅಲ್ಲಿಗೇ ನಿಲ್ಲುವುದೂ ಇಲ್ಲ. ಕೀಲು ಸವೆಯುತ್ತದೆ, ಉಸಿರಾಟ ಕಟ್ಟುತ್ತದೆ, ಆಯುಷ್ಯವೇ ಮೊಟಕಾಗುತ್ತದೆ. ಅವರು 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದ ಬಗ್ಗೆ ಹೇಳಿದರು. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲುಭಾಗ ಕಡಿಮೆ ಆಹಾರ ಕೊಟ್ಟು, ಜೀವಮಾನವಿಡೀ ಗಮನಿಸಿದರಂತೆ. ಹೆಚ್ಚು ತಿಂದ ಗುಂಪಿನ ಮಧ್ಯಾಂಕ ಆಯುಷ್ಯ 11.2 ವರ್ಷ, ಕಡಿಮೆ ತಿಂದದ್ದು 13 ವರ್ಷ ಬದುಕಿತು. ಕೀಲುನೋವು ಕೂಡ ಅವಕ್ಕೆ ತಡವಾಗಿ ಬಂತು. ನಾಯಿಯ ಲೆಕ್ಕದಲ್ಲಿ ಸುಮಾರು ಎರಡು ವರ್ಷವೆಂದರೆ ಸಣ್ಣದೇನಲ್ಲ.

ಬಳಿಕ ಅವರು ನಮಗೊಂದು ಪಾಠ ಮಾಡಿದರು. ತಕ್ಕಡಿ ಇಲ್ಲದವರೂ ಮಾಡಬಹುದಾದ ಪರೀಕ್ಷೆ ಅದು. ಮುಷ್ಟಿ ಬಿಗಿಹಿಡಿದು ಬೆರಳಗೆಣ್ಣುಗಳ ಮೇಲೆ ಇನ್ನೊಂದು ಕೈ ಸವರಿ; ನಾಯಿಯ ಪಕ್ಕೆ ಹಾಗೆ ಮೊನಚಾಗಿ ಸಿಕ್ಕರೆ ಅದು ಸೊರಗಿದೆ. ಕೈ ಬಿಚ್ಚಿ ಹಿಂಗೈ ಸವರಿ. ಹಾಗೆ ತೆಳುಪದರದ ಕೆಳಗೆ ಮೂಳೆ ಸಿಕ್ಕರೆ ಸರಿಯಾಗಿದೆ. ಅಂಗೈಯ ಮೆತ್ತೆ ಮುಟ್ಟಿದ ಹಾಗಿದ್ದರೆ ಬೊಜ್ಜು. ಮೇಲಿನಿಂದ ನೋಡಿದಾಗ ಪಕ್ಕೆಗಳ ಹಿಂದೆ ಸೊಂಟ ಕಾಣಬೇಕು. ಪಕ್ಕದಿಂದ ನೋಡಿದಾಗ ಹೊಟ್ಟೆ ಹಿಂಗಾಲಿನ ಕಡೆಗೆ ಮೇಲೇರಿರಬೇಕು. ವೈದ್ಯರು ಇದಕ್ಕೆ ಒಂದರಿಂದ ಒಂಬತ್ತರವರೆಗೆ ಅಂಕ ಕೊಡುತ್ತಾರೆ. ನಾಲ್ಕು, ಐದು ಉತ್ತಮ. "ಇವಳಿಗೆ ಒಂಬತ್ತಕ್ಕೆ ಒಂಬತ್ತು" ಎಂದರು. ಅಷ್ಟು ಪೂರ್ಣಾಂಕ ನಮಗೆ ಮೇಷ್ಟ್ರು ಕೂಡ ಕೊಟ್ಟಿರಲಿಲ್ಲ.

ಥೈರಾಯ್ಡ್ ತೊಂದರೆಯಿಂದಲೂ ನಾಯಿಗಳು ದಪ್ಪಗಾಗುವುದುಂಟಂತೆ. ರಕ್ತ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ. ಆಗ ಡಾಕ್ಟರು ಒಂದು ಹಾಳೆ ಕೊಟ್ಟು, ಇವಳು ಒಂದು ದಿನದಲ್ಲಿ ತಿನ್ನುವುದನ್ನೆಲ್ಲ ಬರೆದುಕೊಂಡು ಬನ್ನಿ ಎಂದರು. "ಸುಳ್ಳು ಬರೆಯಬೇಡಿ, ನಾಯಿ ನನಗೆ ನಿಜ ಹೇಳಿಬಿಡುತ್ತದೆ."

ಆ ಹಾಳೆ ಹಿಡಿದು ನಾವು ಮನೆಮನೆಗೆ ಹೋದೆವು. ಜನಗಣತಿಗೆ ಹೋದ ಹಾಗೆ. ಮೇಷ್ಟ್ರು: ಬೆಳಿಗ್ಗೆ ಆರು ಗ್ಲೂಕೋಸ್ ಬಿಸ್ಕತ್ತು, ಒಂದು ಬಟ್ಟಲು ಹಾಲು, ಮಧ್ಯಾಹ್ನ ಮೊಸರನ್ನ, ರಾತ್ರಿ ತುಪ್ಪ ಸವರಿದ ಎರಡು ಚಪಾತಿ. ಎದುರು ಮನೆ: ಎರಡು ಇಡ್ಲಿ. ಮೂಲೆ ಮನೆಯ ಅಜ್ಜಿ: ಕೊಬ್ಬರಿ ಚೂರು, "ಒಂದೇ ಒಂದು." ಟೀ ಅಂಗಡಿ: ಮಾರಾಟವಾಗದ ಬನ್ನು. ಶಾಲೆಗೆ ಹೋಗುವ ಮಕ್ಕಳು: ಕುರುಕಲು, ಚಾಕಲೇಟು, ಕೈಗೆ ಸಿಕ್ಕಿದ್ದು. ಪ್ರತಿಯೊಬ್ಬರೂ ಹೇಳಿದ್ದು ಒಂದೇ ಮಾತು: "ನಾವೇನು ಹೆಚ್ಚು ಹಾಕುವುದಿಲ್ಲಪ್ಪ." ಅದು ನಿಜವೂ ಆಗಿತ್ತು. ಯಾರೂ ಹೆಚ್ಚು ಹಾಕುತ್ತಿರಲಿಲ್ಲ, ಎಲ್ಲರೂ ಹಾಕುತ್ತಿದ್ದರು.

ಕೊನೆಗೆ ನಮ್ಮ ಮನೆಯದನ್ನು ಬರೆಯಬೇಕಾಯಿತು. ಮೂರು ಚಪಾತಿ, ಸಾಲನ್, ಮಾಂಸದಿಂದ ತೆಗೆದ ಕೊಬ್ಬು, ಶುಕ್ರವಾರ ಬಿರಿಯಾನಿ. ರಮಝಾನಿನಲ್ಲಿ ಇಫ್ತಾರಿನ ನಂತರ ಮಿಕ್ಕ ಸಮೋಸ. ಹಬ್ಬದ ದಿನ ಒಂದು ಬಟ್ಟಲು ಶೀರ್ ಖುರ್ಮಾ. ಕೂಡಿಸಿ ನೋಡಿದರೆ ದಿನದ ಲೆಕ್ಕ ಎರಡು ಸಾವಿರ ಕ್ಯಾಲೊರಿ ದಾಟಿತು. ಅದರಲ್ಲಿ ಹೆಚ್ಚಿನ ಪಾಲು ನಮ್ಮದೇ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ನಡೆಯದ, ಅವಳಂಥ ನಾಯಿಗೆ ಸಾವಿರದ ಮುನ್ನೂರು ಸಾಕಾಗಿತ್ತು. ಆ ಶಸ್ತ್ರಚಿಕಿತ್ಸೆಯ ನಂತರ ದೇಹಕ್ಕೆ ಬೇಕಾದ ಆಹಾರ ಕಡಿಮೆಯಾಗುತ್ತದೆ, ಹಸಿವು ಮಾತ್ರ ಕಡಿಮೆಯಾಗುವುದಿಲ್ಲ ಎಂಬುದನ್ನು ನಮಗ್ಯಾರೂ ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ.

ಶೀರ್ ಖುರ್ಮಾ ಎಂಬ ಪದ ಓದಿದೊಡನೆ ಡಾಕ್ಟರು ತಲೆಯೆತ್ತಿದರು. "ಅದರಲ್ಲಿ ಒಣದ್ರಾಕ್ಷಿ ಇರುತ್ತದಲ್ಲವೇ?" ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಈರುಳ್ಳಿ, ಬೆಳ್ಳುಳ್ಳಿ ಅದರ ರಕ್ತಕಣಗಳನ್ನು ಹಾಳುಮಾಡುತ್ತವೆ. ಚಾಕಲೇಟು ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚಬಹುದು. ಒಮ್ಮೆಲೇ ಹೆಚ್ಚು ಜಿಡ್ಡು ತಿಂದರೆ ಮೇದೋಜೀರಕ ಗ್ರಂಥಿ ಊದಿಕೊಂಡು ಪ್ರಾಣಕ್ಕೇ ಬರಬಹುದು. ನಮ್ಮ ಬಿರಿಯಾನಿಯಲ್ಲಿ, ಮೇಷ್ಟ್ರ ಮನೆಯ ಸಾಂಬಾರಿನಲ್ಲಿ ಇವುಗಳಲ್ಲಿ ಏನಿರಲಿಲ್ಲ? ಬಕ್ರೀದಿಗೂ ಗೌರಿ ಹಬ್ಬಕ್ಕೂ ಸಮಪಾಲು ಪಡೆಯುತ್ತಿದ್ದ ಮೋತಿಯನ್ನು ನಾವು ಭಾವೈಕ್ಯದ ನಾಯಿ ಎಂದು ತಮಾಷೆ ಮಾಡುತ್ತಿದ್ದೆವು. ಎರಡೂ ಕಡೆಯವರು ಸೌಹಾರ್ದದಿಂದ ಅವಳಿಗೆ ವಿಷ ಹಾಕುತ್ತಿದ್ದೆವು.

ಮನೆಗೆ ಬಂದು ವಿಷಯ ಹೇಳಿದಾಗ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನನಗೆ ಸಕ್ಕರೆ ಕಾಯಿಲೆ ಅಲ್ಲವೇನಯ್ಯಾ. ಯಾರಾದರೂ ಮೈಸೂರು ಪಾಕು ತಂದರೆ ನಾನು ತಿನ್ನೋ ಹಾಗಿಲ್ಲ. ಅವಳು ತಿನ್ನೋದನ್ನ ನೋಡಿ ಬಾಯಿ ಚಪಲ ತೀರಿಸಿಕೊಳ್ಳುತ್ತಿದ್ದೆ. ನನ್ನ ರೋಗವನ್ನ ಅವಳಿಗೆ ದಾಟಿಸಿಬಿಟ್ಟೆ ಅನ್ನು." ಮತ್ತೆ ಸ್ವಲ್ಪ ತಡೆದು, "ನನಗಿಂತ ಮೊದಲು ಹೋಗಿಬಿಡ್ತಾಳಾ?" ಎಂದು ಕೇಳಿದರು. ನಾವು ಉತ್ತರ ಹೇಳಲಿಲ್ಲ.

ಅಮ್ಮಿಗೆ ತಿಳಿಸುವುದು ಇನ್ನೂ ಕಷ್ಟವಾಯಿತು. 1965-66ರ ಬರಗಾಲದಲ್ಲಿ ಅವರಿಗೆ ಹತ್ತು ವರ್ಷ. ಅಮೆರಿಕದಿಂದ ಬಂದ ಗೋಧಿಗಾಗಿ ಪಡಿತರದ ಸಾಲಿನಲ್ಲಿ ನಿಂತದ್ದು, ಆರು ಮಕ್ಕಳಿಗೆ ಮೂರು ರೊಟ್ಟಿ ಹರಿದು ಹಂಚಿದ ತಮ್ಮ ತಾಯಿ ತಾವು ನೀರು ಕುಡಿದು ಮಲಗಿದ್ದು ಅವರಿಗೆ ನೆನಪಿದೆ. ಹಸಿದ ಬಾಯಿಯನ್ನು ಹಿಂದಕ್ಕೆ ಕಳಿಸಬಾರದು ಎಂಬುದನ್ನು ಅವರು ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ, ಹೊಟ್ಟೆಯಿಂದ ಕಲಿತಿದ್ದರು. "ಕೇಳಿದ ಜೀವಕ್ಕೆ ಇಲ್ಲ ಅನ್ನಲೇ? ಅಲ್ಲಾಹ್ ನಾಳೆ ಕೇಳಿದರೆ ನಾನೇನು ಉತ್ತರ ಹೇಳಲಿ? ಬಾಯಾರಿದ ನಾಯಿಗೆ ನೀರು ಕುಡಿಸಿದ್ದಕ್ಕೇ ಪಾಪ ಮನ್ನಿಸಲಾಯಿತಲ್ಲ" ಎಂದರು. ಹದೀಸಿನ ಆ ಪ್ರಸಂಗ ನಮ್ಮ ಮನೆಯ ಮಕ್ಕಳಿಗೂ ಬಾಯಿಪಾಠ.

ಹತ್ತನೇ ಕ್ಲಾಸಿನ ಮಗಳು ಕೂಡಲೇ ಹೇಳಿದಳು: "ದಾದಿಮಾ, ಅದಕ್ಕೆ ಬಾಯಾರಿತ್ತು, ನೀರು ಕೊಟ್ಟರು. ಬಿರಿಯಾನಿ ಕೊಡಲಿಲ್ಲವಲ್ಲ."

ನಾವು ಮಗಳನ್ನು ಗದರಿದೆವು. ಆದರೆ ಆ ರಾತ್ರಿ ಆ ಮಾತು ನಮ್ಮನ್ನು ಮಲಗಲು ಬಿಡಲಿಲ್ಲ. ಬಾವಿಗಿಳಿದು ನೀರು ತಂದವರು ನಾಯಿಗೆ ಏನು ಬೇಕೆಂದು ನೋಡಿದರು. ನಾವು ನಮ್ಮಲ್ಲಿ ಏನು ಮಿಕ್ಕಿದೆಯೆಂದು ನೋಡಿದೆವು. ಎರಡಕ್ಕೂ ನಾವು ದಯೆ ಎಂಬ ಒಂದೇ ಹೆಸರು ಇಟ್ಟಿದ್ದೇವೆ. ಮೋತಿಗೆ ಬೇಕಾದದ್ದು ದಿನಕ್ಕೆ ಅರ್ಧ ಗಂಟೆಯ ನಡಿಗೆಯಾಗಿತ್ತು. ಅದನ್ನು ಕೊಡಲು ನಮ್ಮ ಬೀದಿಯಲ್ಲಿ ಒಬ್ಬರಿಗೂ ಪುರುಸೊತ್ತಿರಲಿಲ್ಲ. ಚಪಾತಿ ಎಸೆಯಲು ಅರ್ಧ ನಿಮಿಷ ಸಾಕು. ಪರದೇಶದ ಮಗ ಅಪ್ಪನಿಗೆ ನಾಯಿ ಕೊಡಿಸಿದ್ದೂ ಹಾಗೆಯೇ ಅಲ್ಲವೇ ಎಂದು ಒಂದು ಕ್ಷಣ ಅನಿಸಿತು. ಆದರೆ ಅವನನ್ನು ದೂರುವ ಹಕ್ಕು ನಮಗಿರಲಿಲ್ಲ. ಅವನು ಹತ್ತು ಸಾವಿರ ಮೈಲಿ ದೂರದಲ್ಲಿದ್ದ. ನಾವು ಬೇಲಿಯಾಚೆ ಇದ್ದೆವು.

ಚಿಕಿತ್ಸೆ ಎಂದರೆ ಔಷಧಿಯೇನಲ್ಲ, ಶಿಸ್ತು. 30 ಕೆಜಿ ತೂಕದ ನಾಯಿ ಸುಮ್ಮನೆ ಮಲಗಿದ್ದರೂ ಅದರ ದೇಹಕ್ಕೆ ಸುಮಾರು 900 ಕ್ಯಾಲೊರಿ ಬೇಕು. ಆ 900ರ ಸುತ್ತಲೇ ಅವಳ ಇಡೀ ದಿನ ಮುಗಿಯಬೇಕು ಎಂದರು ಡಾಕ್ಟರು. ಈಗ ತಿನ್ನುತ್ತಿರುವುದನ್ನೇ ಅರ್ಧ ಮಾಡಿದರೆ ಸಾಲದು. ಹಾಗೆ ಮಾಡಿದರೆ ಪ್ರೋಟೀನು, ಖನಿಜಾಂಶಗಳೂ ಅರ್ಧವಾಗಿ, ಕೊಬ್ಬಿನ ಬದಲು ಮಾಂಸಖಂಡ ಕರಗುತ್ತದೆ. ಹಾಗಾಗಿ ತೂಕ ಇಳಿಸಲೆಂದೇ ತಯಾರಿಸಿದ ಒಣ ಆಹಾರ ಬರೆದುಕೊಟ್ಟರು. ಬೆಲೆ ಕೇಳಿ ನಮಗೆ ಎದೆ ಧಸಕ್ಕೆಂದಿತು. ಆದರೆ ಬೀದಿಯವರೆಲ್ಲ ಎಸೆಯುತ್ತಿದ್ದುದರ ಬೆಲೆ ಕೂಡಿಸಿದರೆ ಅದೇನೂ ದುಬಾರಿಯಲ್ಲ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಅದನ್ನು ಲೋಟದಲ್ಲಿ ಅಳೆಯಬಾರದು, ಕೈಯ ಉದಾರತೆ ಲೋಟಕ್ಕೂ ಬರುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಬೇಕು. ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಡಬ್ಬಿಗೆ ಹಾಕಿಟ್ಟು ಮೂರು ಹೊತ್ತಿಗೆ ಹಂಚಬೇಕು. ಬಹುಮಾನದ ತಿಂಡಿ ದಿನದ ಲೆಕ್ಕದ ಹತ್ತರಲ್ಲೊಂದು ಪಾಲು ಮೀರಬಾರದು. ಆರು ಬಿಸ್ಕತ್ತಿಗೇ ಅದು ದಾಟಿಹೋಗುತ್ತದೆ. ಹಾಗಾಗಿ ಬಿಸ್ಕತ್ತಿನ ಜಾಗಕ್ಕೆ ಸೌತೆಕಾಯಿ ಹೋಳು, ಉಪ್ಪು ಹಾಕದೆ ಬೇಯಿಸಿದ ಹುರುಳಿಕಾಯಿ ಬಂದವು. ಮೊದಲ ದಿನ ಮೋತಿ ಸೌತೆಕಾಯಿಯನ್ನು ಮೂಸಿ, ನಮ್ಮ ಮುಖವನ್ನೇ ನೋಡಿದಳು. ಸಾಲ ಕೇಳಲು ಬಂದವನಿಗೆ ಉಪದೇಶ ಕೊಟ್ಟಾಗ ಅವನು ನೋಡುವಂತೆ.

ಗೌರವದಿಂದ ಉಪವಾಸ ಕೆಡವುವುದೂ ಅಪಾಯ ಎಂಬ ಎಚ್ಚರಿಕೆಯಿತ್ತು. ವಾರಕ್ಕೆ ದೇಹತೂಕದ ನೂರಕ್ಕೆ ಒಂದರಿಂದ ಎರಡು ಪಾಲು ಇಳಿದರೆ ಸಾಕು, ಅವಸರ ಬೇಡ. ಎರಡು ವಾರಕ್ಕೊಮ್ಮೆ ತೂಗಿಸಬೇಕು. ನಮ್ಮ ಸ್ನೇಹಿತರೊಬ್ಬರ ಅಡಿಕೆ ಮಂಡಿಯಿದೆ. ಗುರುವಾರ ಬೆಳಿಗ್ಗೆ ಮಂಡಿ ತೆರೆಯುವ ಮುನ್ನ ಅಡಿಕೆ ಮೂಟೆಯ ತಕ್ಕಡಿಯ ಮೇಲೆ ಮೋತಿ ಕುಳಿತುಕೊಳ್ಳುತ್ತಿದ್ದಳು. ಹಮಾಲರು ಸುತ್ತ ನಿಂತು ಅಂಕಿ ಓದುತ್ತಿದ್ದರು. ಮಂಡಿಯಲ್ಲಿ ತೂಕ ಕಡಿಮೆ ಬಂದರೆ ಎಲ್ಲರೂ ಸಂತೋಷಪಟ್ಟದ್ದು ಅದೊಂದೇ ಸರಕಿಗೆ ಎಂದು ಅವರ ಕುಶಾಲು.

ನಡಿಗೆ ನಮ್ಮ ಪಾಲಿಗೆ ಬಂತು. ಫಜರ್ ನಮಾಜು ಮುಗಿಸಿ ಬಂದು, ಬಟ್ಟೆ ಬದಲಿಸಿ, ಸೂರ್ಯ ಏರುವ ಮುನ್ನ ಕಾಲುವೆಯ ಏರಿಗೆ. ಮೊದಲ ವಾರ ಐದು ನಿಮಿಷ. ಅಷ್ಟಕ್ಕೇ ಅವಳು ಕೂತುಬಿಡುತ್ತಿದ್ದಳು. ನಿಧಾನವಾಗಿ ಹತ್ತು, ಹದಿನೈದು. ಬೇಸಿಗೆಯಲ್ಲಿ ಡಾಂಬರಿನ ಮೇಲೆ ನಮ್ಮ ಹಿಂಗೈ ಇಟ್ಟು ನೋಡುವುದನ್ನು ಕಲಿತೆವು. ನಮ್ಮ ಕೈ ತಾಳದ ಕಾವನ್ನು ಅವಳ ಪಾದವೂ ತಾಳದು. ಪಾಲಿನ ಆಹಾರದಲ್ಲಿ ಒಂದಿಷ್ಟನ್ನು ಮಗಳು ಹಿತ್ತಲಿನ ಹುಲ್ಲಿನಲ್ಲಿ ಚೆಲ್ಲಿಬಿಡುತ್ತಿದ್ದಳು. ಎರಡು ನಿಮಿಷದಲ್ಲಿ ನುಂಗುತ್ತಿದ್ದುದನ್ನು ಮೂಸಿ ಹುಡುಕಿ ತಿನ್ನಲು ಮೋತಿಗೆ ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು.

ಬೀದಿಯನ್ನು ತಡೆಯಲು ಮಗಳೇ ಉಪಾಯ ಮಾಡಿದಳು. ರಟ್ಟಿನ ಮೇಲೆ "ನಾನು ಪಥ್ಯದಲ್ಲಿದ್ದೇನೆ, ದಯವಿಟ್ಟು ಏನೂ ಕೊಡಬೇಡಿ" ಎಂದು ಒಂದು ಬದಿಗೆ ಕನ್ನಡದಲ್ಲಿ, ಇನ್ನೊಂದು ಬದಿಗೆ ಉರ್ದುವಿನಲ್ಲಿ ಬರೆದು ಕೊರಳಿಗೆ ಕಟ್ಟಿದಳು. ಜನ ಓದಿ ನಕ್ಕರು, ನಕ್ಕು ಬನ್ನು ಕೊಟ್ಟರು. ಜೂನ್ ಕೊನೆಯ ಬಕ್ರೀದಿನ ನಂತರದ ಗುರುವಾರ ಅವಳ ತೂಕ ಇಳಿಯುವ ಬದಲು 800 ಗ್ರಾಂ ಏರಿತ್ತು. ಯಾರು ಹಾಕಿದರೆಂದು ಮತ್ತೆ ಹಾಳೆ ಹಿಡಿದು ಹೊರಟೆವು. ಬೀದಿಯವರೆಲ್ಲ ಆಣೆ ಇಟ್ಟರು. ಮನೆಗೆ ಬಂದಾಗ ಅಮ್ಮಿ ತಾವಾಗಿಯೇ ಹೇಳಿದರು: "ನಾನೇ. ಹಬ್ಬದ ದಿನ ಬರಿಗೈಯಲ್ಲಿ ಹೇಗೆ ಕಳಿಸಲಿ?"

ಅಷ್ಟರಲ್ಲಿ ನಾವು ಇನ್ನೊಂದು ಸಂಗತಿ ಓದಿದ್ದೆವು. ಲ್ಯಾಬ್ರಡಾರುಗಳ ಆಸೆಬುರುಕತನಕ್ಕೆ ರಕ್ತದಲ್ಲೇ ಕಾರಣವಿದೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಕಂಡುಕೊಂಡಂತೆ, ಸುಮಾರು ನಾಲ್ಕರಲ್ಲೊಂದು ಲ್ಯಾಬ್ರಡಾರಿಗೆ ಪಿಒಎಂಸಿ ಎಂಬ ವಂಶವಾಹಿಯ ಒಂದು ತುಣುಕು ಬಿಟ್ಟುಹೋಗಿದೆ. ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವ ದಾರಿಯಲ್ಲೇ ಆ ದೋಷ. ಅದೇ ತಂಡ 2024ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಂಥ ನಾಯಿಗಳಿಗೆ ಎರಡು ಊಟಗಳ ನಡುವೆ ಹಸಿವು ಹೆಚ್ಚು; ಮೇಲಾಗಿ ಸುಮ್ಮನಿರುವಾಗ ಅವುಗಳ ದೇಹ ಕಾಲುಭಾಗ ಕಡಿಮೆ ಶಕ್ತಿ ಸುಡುತ್ತದೆ. ಮೋತಿಯಲ್ಲಿ ಆ ದೋಷ ಇದೆಯೋ ಇಲ್ಲವೋ ನಾವು ಪರೀಕ್ಷೆ ಮಾಡಿಸಲಿಲ್ಲ. ಆದರೆ 2024ರ ಸುದ್ದಿಯನ್ನು ಅಮ್ಮಿಗೆ ವಿವರಿಸಿದಾಗ ಅವರ ಮುಖ ಗೆಲುವಾಯಿತು. "ನೋಡಿದಿರಾ? ಅವಳು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿ ಹಸಿವೇ ಇತ್ತು."

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟರನ್ನೇ ಕೇಳಿದೆವು. ಅವರು ಹೇಳಿದರು: "ಹಸಿವು ನಿಜ ಇರಬಹುದು. ಆದರೆ ಅದು ತಿನ್ನಿಸಿದರೆ ಆರುವ ಹಸಿವಲ್ಲ. ಗಡಿಯಾರ ಕೆಟ್ಟು ಯಾವಾಗಲೂ ಹನ್ನೆರಡು ತೋರಿಸಿದರೆ ನೀವು ಯಾವಾಗಲೂ ಊಟಕ್ಕೆ ಕೂರುತ್ತೀರಾ?" ಇದನ್ನು ಅಮ್ಮಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಸಕ್ಕರೆ ಮಾತ್ರೆಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೊಟ್ಟೆಯ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಇರಲಿ ಎಂಬ ಪ್ರವಾದಿಯವರ ಬುದ್ಧಿಮಾತನ್ನು ನಮಗೆ ಚಿಕ್ಕಂದಿನಲ್ಲಿ ಕಲಿಸಿದವರು ಅವರೇ. "ಉಸಿರಿನ ಪಾಲನ್ನೂ ನಾನೇ ತುಂಬಿಸಿಬಿಟ್ಟೆ" ಎಂದರು. ಮರುದಿನದಿಂದ ಮೋತಿ ಬಂದು ಕೂತಾಗ ಅಮ್ಮಿ ಹೊಸ್ತಿಲ ಬಳಿ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಕೈಯಲ್ಲಿ ತಟ್ಟೆಯಿಲ್ಲ. ಅವಳೊಂದಿಗೆ ದಖನಿಯಲ್ಲಿ ಮಾತಾಡುತ್ತಿದ್ದರು. ಮಾತು ಮುಗಿದ ಮೇಲೆ ಒಂದು ಹೋಳು ಸೌತೆಕಾಯಿ. ಮೋತಿ ಅದಕ್ಕೂ ಬಾಲ ಅಲ್ಲಾಡಿಸಿದಳು.

ಮೇಷ್ಟ್ರ ಬಳಿ ಹಳೆಯ ಅಂಚೆಚೀಟಿಗಳ ಆಲ್ಬಂ ಇದೆ. ಒಂದು ದಿನ ಕರೆದು 2005ರಲ್ಲಿ ಅಂಚೆ ಇಲಾಖೆ ಹೊರತಂದ ಮುಧೋಳ ನಾಯಿಯ ಚೀಟಿ ತೋರಿಸಿದರು. ಬಿಲ್ಲಿನಂತೆ ಒಳಸರಿದ ಹೊಟ್ಟೆ, ಉದ್ದ ಕಾಲು. "ಇದು ನಮ್ಮ ರಾಜ್ಯದ ನಾಯಿ. ಇದನ್ನು ನೋಡಿ ಯಾರಾದರೂ ಬಡಮನೆಯದು ಅಂತಾರೇನಯ್ಯಾ? ಇಷ್ಟು ವರ್ಷ ಆಲ್ಬಂನಲ್ಲಿಟ್ಟುಕೊಂಡೂ ಪಾಠ ಕಲಿಯಲಿಲ್ಲ ನೋಡು" ಎಂದರು. ಲ್ಯಾಬ್ರಡಾರ್ ಎಂದೂ ಮುಧೋಳ ನಾಯಿಯಷ್ಟು ಸಪೂರವಾಗಲಾರದು, ಆಗಬೇಕಾಗಿಯೂ ಇಲ್ಲ. ಆದರೆ ಸೊಂಟವಿರುವುದು ಕೊರತೆಯಲ್ಲ ಎಂಬುದು ಅವರಿಗೆ ಮನವರಿಕೆಯಾಗಿತ್ತು.

ಒಂದು ವರ್ಷ ಕಳೆದು ಏಪ್ರಿಲ್ 2024ರಲ್ಲಿ ಮತ್ತೆ ಈದ್ ಬಂತು. ಆ ರಮಝಾನಿನಲ್ಲಿ ಬೀದಿಯ ಮಕ್ಕಳೇ ಕಾವಲು ನಿಂತಿದ್ದರು. ಯಾರಾದರೂ ಸಮೋಸ ಎಸೆದರೆ "ಮೋತಿಯ ರೋಜಾ ಇದೆ" ಎಂದು ಕೂಗುತ್ತಿದ್ದರು. ಹಬ್ಬದ ನಂತರದ ಗುರುವಾರ ಮಂಡಿಯ ತಕ್ಕಡಿ 33 ಕೆಜಿ 400 ಗ್ರಾಂ ತೋರಿಸಿತು. ಗುರಿ ಇನ್ನೂ ಮುಟ್ಟಿರಲಿಲ್ಲ. ಮುಂದಿನ ಮೂರು ಕೆಜಿ ಇಳಿಯುವುದು ಮೊದಲಿನ ಒಂಬತ್ತಕ್ಕಿಂತ ಕಷ್ಟ; ಇಳಿದ ಮೇಲೂ ಈ ಕಾವಲು ಜೀವಮಾನವಿಡೀ ಬೇಕು ಎಂದರು ಡಾಕ್ಟರು. ಅವಳ ಹಿಂಗಾಲಿನ ಕೀಲು ಸವೆದದ್ದು ಸವೆದದ್ದೇ. ಮೆಟ್ಟಿಲು ಹತ್ತುವಾಗ ಈಗಲೂ ಒಂದು ಕ್ಷಣ ನಿಂತು ಯೋಚಿಸುತ್ತಾಳೆ. ಕಳೆದುಹೋದ ವರ್ಷಗಳನ್ನು ಯಾವ ತಕ್ಕಡಿಯೂ ಹಿಂದಕ್ಕೆ ತೂಗಿಕೊಡುವುದಿಲ್ಲ. ಇಳಿಸುವ ಈ ಪಾಡಿಗಿಂತ ಏರದಂತೆ ನೋಡಿಕೊಳ್ಳುವುದು ಎಷ್ಟು ಸುಲಭವಿತ್ತು! ಮರಿಯಿದ್ದಾಗಿನಿಂದ ತಿಂಗಳಿಗೊಮ್ಮೆ ಪಕ್ಕೆಯ ಮೇಲೆ ಕೈಯಾಡಿಸಿದ್ದರೆ ಸಾಕಾಗಿತ್ತು.

ಆದರೂ ಆ ಮಳೆಗಾಲದಲ್ಲಿ ನಾವು ಎಂದೂ ಮರೆಯದ ಒಂದು ನೋಟ ಕಂಡೆವು. ಮೇಷ್ಟ್ರು ವಾಕರ್ ಬಿಟ್ಟು ಊರುಗೋಲು ಹಿಡಿದಿದ್ದರು. ನಾಯಿಯನ್ನು ನಡೆಸಬೇಕಲ್ಲ ಎಂದು ಹೊರಟವರು ತಾವೂ ನಡೆಯುವುದನ್ನು ಕಲಿತಿದ್ದರು. ಕಾಲುವೆಯ ಏರಿಯ ಮೇಲೆ ಒಬ್ಬರು ಕುಂಟುತ್ತ, ಇನ್ನೊಬ್ಬಳು ಸ್ವಲ್ಪ ಕುಂಟುತ್ತ, ಯಾರು ಯಾರಿಗಾಗಿ ನಿಧಾನಿಸುತ್ತಿದ್ದಾರೆಂದು ಹೇಳುವುದು ಕಷ್ಟವಾಗಿತ್ತು.

ಅದೇ ವಾರ ಒಂದು ಸಂಜೆ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇವೆ, ಅಮ್ಮಿ ಕುರ್ಚಿಯಿಂದ ಎದ್ದು ಕರಿಬೇವಿನ ಗಿಡದ ಬಳಿ ಹೋಗಿದ್ದಾರೆ. ಅತ್ತಿತ್ತ ನೋಡಿ, ಬಾಗಿ, ಮೋತಿಯ ಪಕ್ಕೆಯ ಮೇಲೆ ಬಿಚ್ಚಿದ ಕೈ ಇಟ್ಟರು. ಮೆಲ್ಲಗೆ ಸವರಿದರು. ಆಮೇಲೆ ತಮ್ಮ ಹಿಂಗೈಯನ್ನು ಸವರಿಕೊಂಡರು. ಮತ್ತೊಮ್ಮೆ ಅವಳ ಪಕ್ಕೆ, ಮತ್ತೊಮ್ಮೆ ತಮ್ಮ ಹಿಂಗೈ. ಹೋಲಿಸಿ ನೋಡುತ್ತಿದ್ದರು. ಮೋತಿ ಏಳು ವರ್ಷದಲ್ಲಿ ಮೊದಲ ಬಾರಿಗೆ ಸಿಕ್ಕ ಆ ಕೈಯ ಕೆಳಗೆ ಅಲ್ಲಾಡದೆ ನಿಂತಿದ್ದಳು. ಕರಿಬೇವಿನಾಚೆಯ ಅಡುಗೆಮನೆಯ ಬಾಗಿಲ ಕಡೆಗೆ ಅಂದು ನೋಡಲಿಲ್ಲ.

ನಾವು ಹೊರಗೆ ಬಂದಾಗ ಅಮ್ಮಿ ನಲ್ಲಿಯ ಬಳಿ ಕೈ ತೊಳೆಯುತ್ತಿದ್ದರು. ನಾವು ನೋಡಿದ್ದು ಅವರಿಗೆ ಗೊತ್ತಾಗಿತ್ತು.

"ಏನು ನೋಡ್ತೀರಿ?" ಎಂದರು. "ತೊಳೆದುಕೊಳ್ಳೋಕೆ ನೀರಿದೆಯಲ್ಲ."